ಮೋಲ್, ದ್ರಾವಣ, ಎಲೆಕ್ಟ್ರಾನ್: ಫಸ್ಟ್ ಪಿಯುಸಿ ಕೆಮಿಸ್ಟ್ರಿ ಲೆಕ್ಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಅಂಕೋಲಾ, ಕಾರವಾರ ಕಡೆಯ ಪಿಯು ಮಕ್ಕಳು ಕೆಮಿಸ್ಟ್ರಿ ಲೆಕ್ಕದ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉದಾಹರಣೆಗಳು ನಮ್ಮದೇ ತೋಟ, ಬಂದರು, ಉಪ್ಪಿನ ಆಗರಗಳಿಂದ ಬಂದವು. ಲೆಕ್ಕ ಬರುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರಿಗೆ ಗುಣಾಕಾರ, ಭಾಗಾಕಾರ ಚೆನ್ನಾಗಿಯೇ ಬರುತ್ತದೆ. ಎಡವುವುದು ಬೇರೆ ಕಡೆ. ಹಾಳೆಯ ಮೇಲೆ 0.5 ಎಂದಷ್ಟೇ ಬರೆದಿರುತ್ತಾರೆ. 0.5 ಏನು? ಗ್ರಾಮೋ, ಮೋಲೋ, ಲೀಟರೋ? ಮೋಲ್ ಆದರೆ ಯಾವುದರ ಮೋಲ್? ಅಂಕಿಯ ಪಕ್ಕದಲ್ಲಿ ಅದರ ಮಾನ ಮತ್ತು ಅದು ಯಾವ ವಸ್ತುವಿನದು ಎಂಬುದು, ಎರಡೂ ಇರಲೇಬೇಕು. ಈ ಪುಟದುದ್ದಕ್ಕೂ ನಾನು ಹಟ ಹಿಡಿಯುವುದು ಇದೊಂದಕ್ಕೇ.

ಹತ್ತನೇ ಕ್ಲಾಸಿನವರೆಗೆ ವಿಜ್ಞಾನ ಸಲೀಸಾಗಿತ್ತು. ಪಿಯುಸಿಗೆ ಬಂದ ಕೂಡಲೇ ಕೆಮಿಸ್ಟ್ರಿ ಯಾಕೆ ಇಷ್ಟು ಕಷ್ಟ?

ಹತ್ತನೇ ತರಗತಿಯಲ್ಲಿ ಸಮೀಕರಣ ಸರಿದೂಗಿಸಿದರೆ ಅಂಕ ಸಿಗುತ್ತಿತ್ತು. ಈಗ ಆ ಸರಿದೂಗಿಸಿದ ಸಮೀಕರಣದಿಂದಲೇ ಲೆಕ್ಕ ಶುರುವಾಗುತ್ತದೆ. ಅದೂ ಮೊದಲ ಪಾಠದಲ್ಲೇ ಬರುವುದರಿಂದ, ಅಡ್ಮಿಷನ್ ತಡವಾಗಿ ಆದವರಿಗೆ, ಹಾಸ್ಟೆಲ್ ಸೇರಿ ಇನ್ನೂ ಹೊಂದಿಕೊಳ್ಳುತ್ತಿರುವವರಿಗೆ ಆ ಪಾಠ ಕೈತಪ್ಪಿ ಹೋಗುತ್ತದೆ. ಮುಂದಿನ ದ್ರಾವಣ, ಸಮತೋಲನ, ವಿದ್ಯುತ್ ರಸಾಯನ ಎಲ್ಲವೂ ನಿಂತಿರುವುದು ಅದರ ಮೇಲೆ. ಡಿಸೆಂಬರಿನಲ್ಲಿ ಕಷ್ಟ ಅನಿಸಿದರೂ ಹಿಂದಕ್ಕೆ ಹೋಗಿ ಮೊದಲ ಪಾಠವನ್ನೇ ಮಾಡಿ. ಅದಕ್ಕೆ ಹೋದ ಒಂದು ವಾರ ದಂಡವಲ್ಲ.

ನಾನು ಕನ್ನಡ ಮಾಧ್ಯಮದವಳು. ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಪ್ರಶ್ನೆ ಕಂಡರೆ ಏನು ಕೇಳಿದ್ದಾರೆ ಎಂದೇ ತಿಳಿಯುವುದಿಲ್ಲ.

ಕೊನೆಯ ಸಾಲು ಮೊದಲು ಓದಿ. ಏನು ಕಂಡುಹಿಡಿಯಬೇಕು ಎಂಬುದು ಬಹುಪಾಲು ಅಲ್ಲೇ ಇರುತ್ತದೆ. ಅದನ್ನು ಹಾಳೆಯ ಬಲತುದಿಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ: "ಬೇಕಾದ್ದು: ಸೋಡಿಯಂ ಹೈಡ್ರಾಕ್ಸೈಡಿನ ಗ್ರಾಂ". ಆಮೇಲೆ ಮೇಲಿನಿಂದ ಓದುತ್ತ ಕಂಡ ಪ್ರತಿ ಅಂಕಿಯನ್ನೂ ಅದರ ಮಾನದ ಸಮೇತ ಎಡಗಡೆ ಇಳಿಸಿ. ನಡುವಿನ ದಾರಿ ಗ್ರಾಂ, ಮೋಲ್, ಮತ್ತೆ ಗ್ರಾಂ ಅಷ್ಟೇ. ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ನಿಜ. ಯೋಚನೆಯನ್ನೂ ಇಂಗ್ಲಿಷಿನಲ್ಲೇ ಮಾಡಬೇಕೆಂದು ಯಾರೂ ಹೇಳಿಲ್ಲ.

ಮೋಲ್ ಅಂದರೆ ತೂಕವೋ, ಸಂಖ್ಯೆಯೋ?

ಸಂಖ್ಯೆ. 6.022 × 10²³ ಕಣಗಳಿದ್ದರೆ ಅದು ಒಂದು ಮೋಲ್. ಹಿಂದೆ 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಎಂದು ಹೇಳುತ್ತಿದ್ದರು. 2019ರ ಮೇ 20ರಿಂದ ಸಂಖ್ಯೆಯನ್ನೇ ನಿಗದಿ ಮಾಡಿದ್ದಾರೆ: 6.02214076 × 10²³, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಳೆಯ ಗೈಡುಗಳಲ್ಲಿ ಇನ್ನೂ ಹಿಂದಿನ ವ್ಯಾಖ್ಯೆಯೇ ಇರುತ್ತದೆ. ಅದರಿಂದ ನಿಮ್ಮ ಲೆಕ್ಕದ ಉತ್ತರವೇನೂ ಬದಲಾಗುವುದಿಲ್ಲ.

ಸಂಖ್ಯೆ ಬೇಕಾದಾಗ ತೂಕ ಯಾಕೆ ಹಾಕುತ್ತೇವೆ ಎಂಬುದು ಶಿರಸಿಯವರಿಗೆ ಗೊತ್ತಿರುವ ವಿಷಯವೇ. ಮಾರುಕಟ್ಟೆಯಲ್ಲಿ ರಾಶಿ ಅಡಿಕೆ, ಚಾಲಿ ಅಡಿಕೆ ಎಲ್ಲ ಹೋಗುವುದು ಕ್ವಿಂಟಲ್ ಲೆಕ್ಕದಲ್ಲಿ, ಅಡಿಕೆಯನ್ನು ಒಂದೊಂದಾಗಿ ಎಣಿಸುತ್ತ ಯಾರೂ ಕೂರುವುದಿಲ್ಲ. ಒಂದು ಅಡಿಕೆಯ ಸರಾಸರಿ ತೂಕ ಗೊತ್ತಿದ್ದರೆ ಚೀಲದ ತೂಕದಿಂದ ಎಣಿಕೆ ತಾನಾಗಿ ಸಿಗುತ್ತದೆ. ಪರಮಾಣುವನ್ನಂತೂ ಎಣಿಸಲು ಸಾಧ್ಯವೇ ಇಲ್ಲ. ಹಾಗಾಗಿ ತಕ್ಕಡಿಯೇ ಗತಿ. ತಕ್ಕಡಿಯ ಗ್ರಾಮನ್ನು ಎಣಿಕೆಗೆ ತಿರುಗಿಸಿ ಕೊಡುವುದು ಮೋಲಾರ್ ರಾಶಿ: ನೀರಿಗೆ ಮೋಲ್‌ಗೆ 18 ಗ್ರಾಂ, ಉಪ್ಪಿಗೆ 58.5, ಕಬ್ಬಿಣಕ್ಕೆ 56 ಹತ್ತಿರ.

ಗ್ರಾಮಿನಿಂದ ಮೋಲ್‌ಗೆ ಹೋಗುವಾಗ ಭಾಗಿಸಬೇಕೋ ಗುಣಿಸಬೇಕೋ? ಪ್ರತಿ ಸಲ ಗೊಂದಲ.

ಸೂತ್ರ ಬಾಯಿಪಾಠ ಮಾಡಿದವರಿಗೆ ಈ ಗೊಂದಲ ತಪ್ಪಿದ್ದಲ್ಲ. ಮಾನ ಬರೆಯುವವರಿಗೆ ಇದು ಬರುವುದೇ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ತರುವ ಮೈಲುತುತ್ತವನ್ನೇ ತೆಗೆದುಕೊಳ್ಳಿ. ಒಂದು ಕೆಜಿ ಪೊಟ್ಟಣದಲ್ಲಿ ಎಷ್ಟು ಮೋಲ್?

ಮೈಲುತುತ್ತದ ನೀಲಿ ಹರಳು ಅಂದರೆ ಬರೀ ಕಾಪರ್ ಸಲ್ಫೇಟ್ ಅಲ್ಲ. ಪ್ರತಿಯೊಂದು ಕಾಪರ್ ಸಲ್ಫೇಟಿನ ಜೊತೆ ಐದು ನೀರಿನ ಅಣುಗಳು ಸೇರಿಕೊಂಡಿವೆ. ತಾಮ್ರ 63.5, ಗಂಧಕ 32, ನಾಲ್ಕು ಆಕ್ಸಿಜನ್ 64, ಒಟ್ಟು 159.5. ಐದು ನೀರು 90. ಕೂಡಿದರೆ ಮೋಲ್‌ಗೆ 249.5 ಗ್ರಾಂ. ಈಗ 1000 ಗ್ರಾಮನ್ನು "ಮೋಲ್‌ಗೆ 249.5 ಗ್ರಾಂ" ಎಂಬುದರಿಂದ ಭಾಗಿಸಿದರೆ ಗ್ರಾಂ ಗ್ರಾಮನ್ನು ಹೊಡೆದುಹಾಕುತ್ತದೆ, ಮೋಲ್ ಮೇಲೆ ಉಳಿಯುತ್ತದೆ: 4.0 ಮೋಲ್. ತಪ್ಪಿ ಗುಣಿಸಿದ್ದರೆ ಕೈಗೆ ಬರುತ್ತಿದ್ದದ್ದು "ಮೋಲ್‌ಗೆ ಇಷ್ಟು ಗ್ರಾಂ-ವರ್ಗ". ಅಂಥ ಮಾನವೇ ಇಲ್ಲ. ಅಲ್ಲಿಗೇ ನಿಮಗೆ ತಪ್ಪು ಗೊತ್ತಾಗುತ್ತದೆ, ಮೇಷ್ಟ್ರು ಹೇಳಬೇಕಿಲ್ಲ.

ಹರಳಿನ ನೀರನ್ನು ಮರೆತು 159.5ರಿಂದ ಭಾಗಿಸಿದರೆ 6.27 ಮೋಲ್ ಬರುತ್ತದೆ. ಇದ್ದದ್ದಕ್ಕಿಂತ ಅರ್ಧಕ್ಕೂ ಹೆಚ್ಚು ಜಾಸ್ತಿ. ಆಕ್ಸಾಲಿಕ್ ಆಮ್ಲದಲ್ಲೂ ಇದೇ ಅಪಾಯ: ಲ್ಯಾಬಿನ ಹರಳಿಗೆ ಎರಡು ನೀರು ಸೇರಿ 126, ನೀರಿಲ್ಲದೆ 90. ಬಾಟಲಿಯ ಲೇಬಲ್ ಓದುವ ಅಭ್ಯಾಸ ಈಗಿನಿಂದಲೇ ಇರಲಿ.

"ಆಕ್ಸಿಜನ್ ಒಂದು ಮೋಲ್" ಅಂದರೆ 16 ಗ್ರಾಮೋ 32 ಗ್ರಾಮೋ?

ಪರಮಾಣು ಎಂದಿದ್ದರೆ 16, ಅಣು ಎಂದಿದ್ದರೆ 32. ಏನೂ ಹೇಳದೆ "ಆಕ್ಸಿಜನ್ ಅನಿಲ" ಎಂದಿದ್ದರೆ 32, ಏಕೆಂದರೆ ಗಾಳಿಯಲ್ಲಿ ಅದು ಜೋಡಿಯಾಗಿಯೇ ಇರುತ್ತದೆ. ಉಪ್ಪಿನಲ್ಲಿ ಅಣು ಎಂಬುದೇ ಇಲ್ಲ, ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಿವೆ. 58.5 ಗ್ರಾಂ ಉಪ್ಪು ನೀರಿಗೆ ಬಿದ್ದರೆ ಒಂದು ಮೋಲ್ ಸೋಡಿಯಂ ಅಯಾನು, ಒಂದು ಮೋಲ್ ಕ್ಲೋರೈಡ್ ಅಯಾನು, ಒಟ್ಟು ಎರಡು ಮೋಲ್ ಅಯಾನು.

ತೋಟಕ್ಕೆ ಹೊಡೆಯುವ "ಒಂದು ಪರ್ಸೆಂಟ್ ಬೋರ್ಡೋ" ಎಷ್ಟು ಮೋಲಾರ್?

ಇಂಥ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ನಿಜಕ್ಕೂ ಖುಷಿ. ಪುಸ್ತಕದ ಹೊರಗೂ ಕೆಮಿಸ್ಟ್ರಿ ಇದೆ ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದಾರೆ. ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ಮದ್ದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ನಮ್ಮ ಕಡೆಯ ಅಡಿಕೆ ಕೊಳೆಗೆ ಇದನ್ನು ಬಳಸುವ ದಾರಿಯನ್ನು 20ನೇ ಶತಮಾನದ ಆರಂಭದಲ್ಲಿ ತೋರಿಸಿದವರು ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್.

ಲೆಕ್ಕ ಸುಲಭ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ 4 ಮೋಲ್ ಎಂದು ಮೇಲೆ ಕಂಡೆವು. 4 ಮೋಲನ್ನು 100 ಲೀಟರಿನಿಂದ ಭಾಗಿಸಿದರೆ ಲೀಟರಿಗೆ 0.04 ಮೋಲ್ ತಾಮ್ರ, ಅಂದರೆ 0.04 ಮೋಲಾರ್. ಇಲ್ಲಿ ಪರ್ಸೆಂಟ್ ಅಂದರೆ 100 ಮಿ.ಲೀ.ಗೆ ಒಂದು ಗ್ರಾಂ. ಪರೀಕ್ಷೆಯಲ್ಲಿ ಶೇಕಡಾ ಕಂಡಾಗ ಅದು ತೂಕಕ್ಕೆ ತೂಕವೋ, ಗಾತ್ರಕ್ಕೆ ತೂಕವೋ ಎಂದು ನೋಡಿಯೇ ಮುಂದೆ ಹೋಗಿ.

ಮೈಲುತುತ್ತ, ಸುಣ್ಣ ಎರಡೂ ಒಂದೊಂದು ಕೆಜಿ. ಹಾಗಾದರೆ ಎರಡೂ ಸಮ ಅಲ್ಲವೇ? ಇದರಲ್ಲಿ ಮಿತಿಕಾರಕ ಯಾವುದು?

ತಕ್ಕಡಿಯಲ್ಲಿ ಸಮ, ಮೋಲ್‌ನಲ್ಲಿ ಸಮವಲ್ಲ. ಈ ಪಾಠದ ತಿರುಳೇ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಸರಳ ಸಮೀಕರಣದಲ್ಲಿ ಒಂದು ಮೋಲ್ ಕಾಪರ್ ಸಲ್ಫೇಟ್ ಒಂದು ಮೋಲ್ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಜೊತೆ ಸೇರಿ ಕಾಪರ್ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ. ಡ್ರಮ್ಮಿನೊಳಗೆ ನಿಜವಾಗಿ ಆಗುವುದು ಇದಕ್ಕಿಂತ ತೊಡಕಿನದು, ಆದರೆ ನಮ್ಮ ಲೆಕ್ಕಕ್ಕೆ ಇಷ್ಟು ಸಾಕು. ಹರಳು ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡಿನ ಮೋಲಾರ್ ರಾಶಿ 56. ನೀರಿಗೆ ಬಿದ್ದಾಗ ಅದು ಒಂದಕ್ಕೊಂದರಂತೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಒಂದು ಕೆಜಿ ಶುದ್ಧ ಹರಳು ಸುಣ್ಣದಲ್ಲಿ 17.9 ಮೋಲ್ ಇದೆ. ಮೈಲುತುತ್ತ ಇರುವುದು 4 ಮೋಲ್. ಮೊದಲು ಮುಗಿಯುವುದು ಮೈಲುತುತ್ತ, ಅದೇ ಮಿತಿಕಾರಕ. 4 ಮೋಲ್ ಸುಣ್ಣಕ್ಕೆ 224 ಗ್ರಾಂ ಸಾಕು ಎನ್ನುತ್ತದೆ ಕಾಗದ.

ಹಾಗಿದ್ದರೆ ಹಿರಿಯರು ಒಂದು ಕೆಜಿ ಯಾಕೆ ಹಾಕುತ್ತಾರೆ? ಅಂಗಡಿಯಿಂದ ತಂದ ಸುಣ್ಣ ಶುದ್ಧವಲ್ಲ. ಇಟ್ಟಷ್ಟು ದಿನವೂ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದರ ಒಂದು ಭಾಗ ಮತ್ತೆ ಕಾರ್ಬೊನೇಟ್ ಆಗಿರುತ್ತದೆ. ಜೊತೆಗೆ ಬಿಡಿ ತಾಮ್ರದ ಅಯಾನು ಉಳಿದರೆ ಎಲೆ, ಮಿಳ್ಳೆ (ಎಳೆಯ ಅಡಿಕೆ) ಸುಡುತ್ತದೆ. ಹಾಗಾಗಿ ದ್ರಾವಣ ಕ್ಷಾರದ ಕಡೆಗೇ ವಾಲಿರಬೇಕು. ಮನೆಯಲ್ಲಿ "ಲೆಕ್ಕದ ಪ್ರಕಾರ ಕಾಲು ಕೆಜಿ ಸಾಕು" ಎಂದು ಸುಣ್ಣ ಕಡಿಮೆ ಮಾಡಿಸಬೇಡಿ! ಕಾಗದದ ಲೆಕ್ಕ ಶುದ್ಧ ವಸ್ತುವಿನದು, ಡ್ರಮ್ಮಿನದು ಸಿಕ್ಕಿದ ವಸ್ತುವಿನದು. ಪರೀಕ್ಷೆಯಲ್ಲಿ "ಶೇ. 80 ಶುದ್ಧ" ಎಂದು ಕೊಟ್ಟಾಗ ಮೊದಲು 0.8ರಿಂದ ಗುಣಿಸುವುದು ಇದೇ ಕಾರಣಕ್ಕೆ.

ಮಿತಿಕಾರಕ ಹುಡುಕುವಾಗ ಗ್ರಾಮುಗಳನ್ನು ಹೋಲಿಸಲೇಬಾರದು. ಎರಡನ್ನೂ ಮೋಲ್‌ಗೆ ತಂದು, ಸಮೀಕರಣದಲ್ಲಿ ಅದರದರ ಮುಂದಿರುವ ಅಂಕಿಯಿಂದ ಭಾಗಿಸಿ. ಯಾವುದು ಚಿಕ್ಕದೋ ಅದು ಮಿತಿಕಾರಕ.

ಬೋರ್ಡೋ ಸರಿಯಾಗಿದೆಯೋ ನೋಡಲು ಚೂರಿ ಅದ್ದುತ್ತಾರಲ್ಲ, ಅದು ಯಾವ ಪಾಠಕ್ಕೆ ಸೇರುತ್ತದೆ?

ರೆಡಾಕ್ಸ್ ಪಾಠಕ್ಕೆ, ಅಂದರೆ ಎಲೆಕ್ಟ್ರಾನ್ ಕೊಟ್ಟು ಪಡೆಯುವ ಕ್ರಿಯೆಗಳ ಪಾಠಕ್ಕೆ. ಈ ಪರೀಕ್ಷೆಯನ್ನು ಒಮ್ಮೆ ಹತ್ತಿರ ನಿಂತು ನೋಡಿ. ಜೂನ್ ಮೊದಲ ಮಳೆಗೆ ಮುಂಚೆ, ಮನೆಯಂಗಳದಲ್ಲಿ ಪ್ಲಾಸ್ಟಿಕ್ ಡ್ರಮ್ಮು, ಅದರಲ್ಲಿ ಆಕಾಶನೀಲಿ ಗಂಜಿಯಂಥ ದ್ರಾವಣ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯ ಅಲಗನ್ನು ಒಂದೆರಡು ನಿಮಿಷ ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಎತ್ತಿದಾಗ ಅಲಗು ಇದ್ದ ಹಾಗೇ ಹೊಳೆದರೆ ಮದ್ದು ಹದವಾಗಿದೆ. ಅಂಚಿನಲ್ಲಿ ಇಟ್ಟಿಗೆ ಬಣ್ಣದ ಪೊರೆ ಕಂಡರೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ತಿರುಗಿ ಹೇಳುತ್ತಾರೆ: "ತಮ್ಮಾ, ಇನ್ನೊಂಚೂರು ಸುಣ್ಣ ಬೇಕು."

ಆ ಪೊರೆ ತಾಮ್ರ. ಸುಣ್ಣ ಸಾಲದೆ ಬಿಡಿಯಾಗಿ ಉಳಿದ ತಾಮ್ರದ ಅಯಾನು ಕಬ್ಬಿಣದಿಂದ ಎರಡು ಎಲೆಕ್ಟ್ರಾನ್ ಪಡೆದು ಲೋಹವಾಗಿ ಅಂಟಿದೆ. ಕೊಟ್ಟ ಕಬ್ಬಿಣ ಫೆರಸ್ ಅಯಾನಾಗಿ ನೀರಿಗಿಳಿದಿದೆ. ಎಲೆಕ್ಟ್ರಾನ್ ಕಳೆದುಕೊಂಡದ್ದು ಕಬ್ಬಿಣ, ಅದಕ್ಕೆ ಉತ್ಕರ್ಷಣ. ಪಡೆದದ್ದು ತಾಮ್ರದ ಅಯಾನು, ಅದಕ್ಕೆ ಅಪಕರ್ಷಣ. ಮೈಲುತುತ್ತವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಬಾರದು ಎನ್ನುವುದೂ ಇದಕ್ಕೇ, ಬಕೆಟ್ಟೇ ಕರಗುತ್ತ ಹೋಗುತ್ತದೆ.

ಅಲಗಿನ ಮೇಲೆ 0.1 ಗ್ರಾಂ ತಾಮ್ರ ಕೂತಿದೆ ಎನ್ನೋಣ. 0.1 ಗ್ರಾಂ ÷ 63.5 = 0.00157 ಮೋಲ್ ತಾಮ್ರ. ಒಂದಕ್ಕೆ ಎರಡು ಎಲೆಕ್ಟ್ರಾನ್, ಆದ್ದರಿಂದ 0.00315 ಮೋಲ್ ಎಲೆಕ್ಟ್ರಾನ್, ಅಂದರೆ ಸುಮಾರು 1.9 × 10²¹ ಎಲೆಕ್ಟ್ರಾನ್ ಕಬ್ಬಿಣದಿಂದ ತಾಮ್ರಕ್ಕೆ ಹೋಗಿವೆ. ಕರಗಿದ ಕಬ್ಬಿಣವೂ 0.00157 ಮೋಲ್, ತೂಕ 0.088 ಗ್ರಾಂ. ಚೂರಿಯ ತೂಕ ಒಟ್ಟಿನಲ್ಲಿ 0.012 ಗ್ರಾಂ ಹೆಚ್ಚುತ್ತದೆ. ಎಲೆಕ್ಟ್ರಾನನ್ನೂ ಗ್ರಾಂ, ಲೀಟರಿನಷ್ಟೇ ಸಲೀಸಾಗಿ ಎಣಿಸಬಹುದು ಎಂಬುದು ಈ ಒಂದು ಚೂರಿಯಿಂದ ಮನದಟ್ಟಾದರೆ, ವಿದ್ಯುತ್ ರಸಾಯನದ ಅರ್ಧ ಹೆದರಿಕೆ ಹೋಯಿತು.

ಕಬ್ಬಿಣದ ಪರಮಾಣುವಿನಲ್ಲಿ 26 ಎಲೆಕ್ಟ್ರಾನ್ ಇವೆ ಎನ್ನುತ್ತೀರಿ. ಚೂರಿಯ ಲೆಕ್ಕದಲ್ಲಿ 2 ಎನ್ನುತ್ತೀರಿ. ಯಾವುದನ್ನು ಹಾಕಬೇಕು?

ಎರಡೂ ಸರಿ. ಪ್ರಶ್ನೆ ಬೇರೆ ಬೇರೆ. "56 ಗ್ರಾಂ ಕಬ್ಬಿಣದಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ" ಎಂದರೆ ಇದ್ದವೆಲ್ಲ ಬರಬೇಕು: 26 ಮೋಲ್. "ಎಷ್ಟು ಎಲೆಕ್ಟ್ರಾನ್ ವರ್ಗವಾದವು" ಎಂದರೆ ಕೈ ಬದಲಾದವು ಮಾತ್ರ: ಕಬ್ಬಿಣ ಫೆರಸ್ ಆಗುವಾಗ 2, ಫೆರಿಕ್ ಆಗುವಾಗ 3. ಇದೇ ರೀತಿ 18 ಗ್ರಾಂ ನೀರಿನಲ್ಲಿ ಇರುವ ಎಲೆಕ್ಟ್ರಾನ್ 10 ಮೋಲ್: ಎರಡು ಹೈಡ್ರೋಜನ್‌ನಿಂದ 2, ಆಕ್ಸಿಜನ್‌ನಿಂದ 8.

ಎಲೆಕ್ಟ್ರಾನ್ ವಿನ್ಯಾಸ ಬರೆಯುವಾಗ ಒಂದು ಎಚ್ಚರಿಕೆ. ಕಬ್ಬಿಣದ ಹೊರಭಾಗ 3ಡಿ⁶ 4ಎಸ್². ತುಂಬುವಾಗ 4ಎಸ್ ಮೊದಲು, ಹೊರಡುವಾಗಲೂ 4ಎಸ್ಸೇ ಮೊದಲು. ಫೆರಸ್ 3ಡಿ⁶, ಫೆರಿಕ್ 3ಡಿ⁵. ಕೊನೆಗೆ ತುಂಬಿದ್ದು 3ಡಿ ಎಂದು ಅಲ್ಲಿಂದಲೇ ಕಳೆಯುವುದು ಬಹಳ ಜನ ಮಾಡುವ ತಪ್ಪು. ತಾಮ್ರದ್ದು 3ಡಿ¹⁰ 4ಎಸ್¹, ಕ್ರೋಮಿಯಂ 3ಡಿ⁵ 4ಎಸ್¹. ಇವೆರಡನ್ನು ಹಾಗೇ ನೆನಪಿಡಿ.

ಮೋಲಾರಿಟಿ, ಮೊಲಾಲಿಟಿ ಎರಡೂ ಯಾಕೆ ಬೇಕು? ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದಲ್ಲ?

ತೆಳು ದ್ರಾವಣಕ್ಕೆ ಮಾತ್ರ ಒಂದೇ ಬರುತ್ತದೆ. ಮೋಲಾರಿಟಿಯಲ್ಲಿ ಕೆಳಗಿರುವುದು ದ್ರಾವಣದ ಲೀಟರ್, ಮೊಲಾಲಿಟಿಯಲ್ಲಿ ದ್ರಾವಕದ ಕೆಜಿ.

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿರುತ್ತೀರಿ. ಅಲ್ಲಿ ಗದ್ದೆಗೆ ಬಿಡುವುದು ಸಮುದ್ರದ ನೀರು. ತೆರೆದ ಸಮುದ್ರದ ಒಂದು ಕೆಜಿ ನೀರಿನಲ್ಲಿ ಎಲ್ಲ ಲವಣ ಸೇರಿ ಸುಮಾರು 35 ಗ್ರಾಂ, ಅದರಲ್ಲಿ ಸೋಡಿಯಂ ಕ್ಲೋರೈಡ್ ಸುಮಾರು 27 ಗ್ರಾಂ. 27 ÷ 58.5 = 0.46 ಮೋಲ್. ಒಂದು ಲೀಟರ್ ಸಮುದ್ರದ ನೀರು ಸುಮಾರು 1.025 ಕೆಜಿ ತೂಗುತ್ತದೆ, ಹಾಗಾಗಿ ಮೋಲಾರಿಟಿ 0.47. ಒಂದು ಕೆಜಿಯಲ್ಲಿ ಲವಣ ಕಳೆದು ಉಳಿದ ಶುದ್ಧ ನೀರು 0.965 ಕೆಜಿ, ಹಾಗಾಗಿ ಮೊಲಾಲಿಟಿ 0.48. ಅಂತರ ಕೂದಲೆಳೆಯಷ್ಟು. ಹಾಗೆಯೇ ಲೆಕ್ಕ ಹಿಡಿದು ಹೋದರೆ ಒಂದು ಕೆಜಿ ಉಪ್ಪಿಗೆ ಕನಿಷ್ಠ 37 ಕೆಜಿ ಸಮುದ್ರದ ನೀರು ಆವಿಯಾಗಬೇಕು. ಮಳೆಗಾಲದಲ್ಲಿ ಅಘನಾಶಿನಿ ತುಂಬಿ ಹರಿದಾಗ ಅಳಿವೆಯ ನೀರು ತೆಳುವಾಗುತ್ತದೆ, ಬಿಸಿಲೂ ಇರುವುದಿಲ್ಲ. ಉಪ್ಪು ಬೇಸಿಗೆಯ ಬೆಳೆಯಾಗಿರುವುದು ಅದಕ್ಕೇ.

ಈಗ ಲ್ಯಾಬಿನ ಸಾಂದ್ರ ಸಲ್ಫ್ಯೂರಿಕ್ ಆಮ್ಲ ನೋಡಿ. ಶೇ. 98, ಒಂದು ಮಿ.ಲೀ.ಗೆ 1.84 ಗ್ರಾಂ. ಲೀಟರಿಗೆ 1840 ಗ್ರಾಂ, ಅದರಲ್ಲಿ ಆಮ್ಲ 1803 ಗ್ರಾಂ, ಮೋಲಾರಿಟಿ 18.4. ಮೊಲಾಲಿಟಿಗೆ ಬಂದರೆ 98 ಗ್ರಾಂ ಆಮ್ಲಕ್ಕೆ, ಅಂದರೆ ಒಂದು ಮೋಲ್‌ಗೆ, ನೀರು ಬರೀ 2 ಗ್ರಾಂ. ಉತ್ತರ 500! ಒಂದೇ ಬಾಟಲಿಗೆ 18.4 ಮತ್ತು 500. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಎಂಬುದು ಇಲ್ಲಿ ಕಣ್ಣಿಗೆ ರಾಚುತ್ತದೆ.

ಉಷ್ಣತೆಯ ವಿಷಯ: ಬಿಸಿಯಾದರೆ ದ್ರಾವಣ ಹಿಗ್ಗುತ್ತದೆ, ಮೋಲಾರಿಟಿ ಇಳಿಯುತ್ತದೆ. ತೂಕ ಹಿಗ್ಗುವುದಿಲ್ಲ, ಮೊಲಾಲಿಟಿ ಇದ್ದಂತೆಯೇ ಇರುತ್ತದೆ. ಒಂದು ಅಂಕದ ಪ್ರಶ್ನೆಯಾಗಿ ಇದು ಆಗಾಗ ಬರುತ್ತದೆ.

ಸಾಂದ್ರ ಆಮ್ಲದಿಂದ 0.1 ಮೋಲಾರ್ ಮಾಡುವುದು ಹೇಗೆ?

ನೀರು ಬೆರೆಸಿದರೆ ಲೀಟರ್ ಬದಲಾಗುತ್ತದೆ, ದ್ರಾವ್ಯದ ಮೋಲ್ ಬದಲಾಗುವುದಿಲ್ಲ. ಅಷ್ಟೇ ಸೂತ್ರ: ಮೊದಲಿನ ಮೋಲಾರಿಟಿ ಗುಣಿಸು ಗಾತ್ರ, ಆಮೇಲಿನ ಮೋಲಾರಿಟಿ ಗುಣಿಸು ಗಾತ್ರಕ್ಕೆ ಸಮ. 250 ಮಿ.ಲೀ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬೇಕಾದ್ದು 0.025 ಮೋಲ್. ಸಾಂದ್ರ ಆಮ್ಲ ಸುಮಾರು 11.8 ಮೋಲಾರ್, ಆದ್ದರಿಂದ 2.1 ಮಿ.ಲೀ. ಫ್ಲಾಸ್ಕಿನಲ್ಲಿ ಮೊದಲು ಸ್ವಲ್ಪ ನೀರಿರಲಿ, ಆಮ್ಲ ಅದಕ್ಕೆ ಬೀಳಲಿ, ಕೊನೆಗೆ ಗೆರೆಯವರೆಗೆ ನೀರು ತುಂಬಿ. ಆಮ್ಲಕ್ಕೆ ನೀರು ಸುರಿಯಲೇಬೇಡಿ. ಸಲ್ಫ್ಯೂರಿಕ್ ಆಮ್ಲವಾದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ ಹಾಕಿಕೊಳ್ಳಿ.

ಟೈಟ್ರೇಷನ್ನಿಗೂ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು) ಇದೇ "ಮೋಲಾರಿಟಿ ಗುಣಿಸು ಗಾತ್ರ ಸಮ" ಸೂತ್ರ ಹಾಕಿದರೆ ಉತ್ತರ ಅರ್ಧ ಬರುತ್ತದೆ. ಯಾಕೆ?

ಅದು ನೀರು ಬೆರೆಸುವ ಸೂತ್ರ, ಕ್ರಿಯೆಯ ಸೂತ್ರವಲ್ಲ. ಆಕ್ಸಾಲಿಕ್ ಆಮ್ಲದ ಒಂದು ಅಣು ಎರಡು ಸೋಡಿಯಂ ಹೈಡ್ರಾಕ್ಸೈಡನ್ನು ತಿನ್ನುತ್ತದೆ. ಪಿಪೆಟ್ಟಿನಲ್ಲಿ 10 ಮಿ.ಲೀ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ ಎಂದರೆ 0.5 ಮಿಲಿಮೋಲ್ ಆಮ್ಲ. ಅದಕ್ಕೆ ಬೇಕಾದ್ದು 1.0 ಮಿಲಿಮೋಲ್ ಕ್ಷಾರ. ಬ್ಯುರೆಟ್ಟಿನ ರೀಡಿಂಗ್ 9.8 ಮಿ.ಲೀ. ಬಂದಿದ್ದರೆ ಕ್ಷಾರದ ಮೋಲಾರಿಟಿ 1.0 ÷ 9.8 = 0.102. ನಡುವೆ ಆ ಎರಡನ್ನು ಬಿಟ್ಟವರಿಗೆ 0.051 ಬರುತ್ತದೆ. "ಮಿಲಿಮೋಲ್ ಆಮ್ಲ", "ಮಿಲಿಮೋಲ್ ಕ್ಷಾರ" ಎಂದು ಹೆಸರು ಸೇರಿಸಿ ಬರೆದವರು ಇಲ್ಲಿ ತಪ್ಪುವುದೇ ಇಲ್ಲ, ಯಾಕೆಂದರೆ ಆಮ್ಲದಿಂದ ಕ್ಷಾರಕ್ಕೆ ದಾಟುವ ಜಾಗದಲ್ಲಿ ಪೆನ್ನು ತಾನಾಗಿ ನಿಲ್ಲುತ್ತದೆ.

ಪರ್ಮ್ಯಾಂಗನೇಟ್ ಲೆಕ್ಕದಲ್ಲಿ 2, 5 ಎಲ್ಲಿಂದ ಬರುತ್ತವೆ?

ಎಲೆಕ್ಟ್ರಾನಿನಿಂದ. ಪೊಟ್ಯಾಸಿಯಂ ಪರ್ಮ್ಯಾಂಗನೇಟಿನಲ್ಲಿ ಪೊಟ್ಯಾಸಿಯಂ +1, ನಾಲ್ಕು ಆಕ್ಸಿಜನ್ −8, ಒಟ್ಟು ಸೊನ್ನೆಯಾಗಬೇಕಾದರೆ ಮ್ಯಾಂಗನೀಸ್ +7. ಆಮ್ಲದಲ್ಲಿ ಅದು +2ಕ್ಕೆ ಇಳಿಯುತ್ತದೆ, 5 ಎಲೆಕ್ಟ್ರಾನ್ ಪಡೆಯುತ್ತದೆ. ಆಕ್ಸಲೇಟಿನ ಎರಡು ಕಾರ್ಬನ್ ತಲಾ +3ರಿಂದ +4ಕ್ಕೆ ಏರಿ ಇಂಗಾಲದ ಡೈಆಕ್ಸೈಡ್ ಆಗುತ್ತವೆ, ಒಟ್ಟು 2 ಎಲೆಕ್ಟ್ರಾನ್ ಕೊಡುತ್ತವೆ. ಕೊಟ್ಟದ್ದೂ ಪಡೆದದ್ದೂ ಸಮವಾಗಲು ಪರ್ಮ್ಯಾಂಗನೇಟ್ 2, ಆಕ್ಸಲೇಟ್ 5.

ಸಮೀಕರಣ ನೆನಪಾಗದಿದ್ದರೂ ಪರವಾಗಿಲ್ಲ, ನೇರವಾಗಿ ಎಲೆಕ್ಟ್ರಾನ್ ಎಣಿಸಿ. 10 ಮಿ.ಲೀ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ 0.5 ಮಿಲಿಮೋಲ್, ಅದು ಕೊಡುವುದು 1.0 ಮಿಲಿಮೋಲ್ ಎಲೆಕ್ಟ್ರಾನ್. ಪರ್ಮ್ಯಾಂಗನೇಟ್ ತಲಾ 5 ಪಡೆಯುವುದರಿಂದ 0.2 ಮಿಲಿಮೋಲ್ ಸಾಕು. ರೀಡಿಂಗ್ 9.6 ಮಿ.ಲೀ. ಆದರೆ ಮೋಲಾರಿಟಿ 0.0208. ನನಗೆ ಈ ದಾರಿಯೇ ಹೆಚ್ಚು ಇಷ್ಟ. ಇದರಲ್ಲಿ ಬಾಯಿಪಾಠ ಕಡಿಮೆ.

ಪ್ರಾಕ್ಟಿಕಲ್ಲಿಗೆ ಎರಡು ಮಾತು: ಆಕ್ಸಾಲಿಕ್ ಆಮ್ಲವನ್ನು 60 ಡಿಗ್ರಿ ಆಸುಪಾಸು ಬಿಸಿ ಮಾಡಿ, ಇಲ್ಲವಾದರೆ ಮೊದಲ ಹನಿಗಳ ಬಣ್ಣ ಬೇಗ ಹೋಗುವುದಿಲ್ಲ. ಸೇರಿಸುವ ಆಮ್ಲ ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಗಿರಲಿ. ಹೈಡ್ರೋಕ್ಲೋರಿಕ್ ಹಾಕಿದರೆ ಕ್ಲೋರೈಡೂ ಎಲೆಕ್ಟ್ರಾನ್ ಕೊಡತೊಡಗುತ್ತದೆ, ಲೆಕ್ಕ ಕೆಡುತ್ತದೆ.

ಒಂದು ಮೋಲ್ ಅನಿಲ 22.4 ಲೀಟರೋ 22.7 ಲೀಟರೋ?

ಸೊನ್ನೆ ಡಿಗ್ರಿಯಲ್ಲಿ ಒತ್ತಡ 1 ಅಟ್ಮಾಸ್ಫಿಯರ್ ಆದರೆ 22.4, 1 ಬಾರ್ ಆದರೆ 22.7. ಪ್ರಶ್ನೆಯಲ್ಲಿ ಯಾವುದಿದೆ ನೋಡಿ. ಆದರೆ ನಮ್ಮ ಜಿಲ್ಲೆಯಲ್ಲಿ ಸೊನ್ನೆ ಡಿಗ್ರಿ ಎಲ್ಲಿಂದ ಬರಬೇಕು? ಕಾರವಾರದ ಕಡಲತಡಿಯಲ್ಲಿ 30 ಡಿಗ್ರಿ ಇರುವಾಗ ಅದೇ ಒಂದು ಮೋಲ್ 24.9 ಲೀಟರ್. ಘಟ್ಟ ಹತ್ತಿ ಶಿರಸಿಗೆ ಬನ್ನಿ. ಎತ್ತರ ಸುಮಾರು 600 ಮೀಟರ್, ಒತ್ತಡ 0.93 ಅಟ್ಮಾಸ್ಫಿಯರಿನ ಹತ್ತಿರ. 25 ಡಿಗ್ರಿಯಲ್ಲಿ ಅದು 26 ಲೀಟರ್ ದಾಟುತ್ತದೆ. ಹಾಗಾಗಿ 22.4ನ್ನು ಕಂಡಲ್ಲೆಲ್ಲ ಹಾಕಬೇಡಿ. ಉಷ್ಣತೆ, ಒತ್ತಡ ಬೇರೆ ಕೊಟ್ಟಿದ್ದರೆ ಆದರ್ಶ ಅನಿಲ ಸಮೀಕರಣಕ್ಕೆ ಹೋಗಿ, ಉಷ್ಣತೆಯನ್ನು ಕೆಲ್ವಿನ್‌ಗೆ ಬದಲಿಸಿ.

ಸಿಗ್ನಿಫಿಕಂಟ್ ಫಿಗರ್ಸ್ (ಉತ್ತರದಲ್ಲಿ ಉಳಿಸಬೇಕಾದ ಅಂಕಿಗಳು) ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಸ್ವಲ್ಪ. ನಡುವೆ ಒಂದೆರಡು ಅಂಕಿ ಹೆಚ್ಚೇ ಇಟ್ಟುಕೊಳ್ಳಿ, ಕೊನೆಯಲ್ಲಿ ಮಾತ್ರ ಕತ್ತರಿಸಿ. ಪ್ರಶ್ನೆಯಲ್ಲಿ ಮೂರು ಅಂಕಿ ಇದ್ದರೆ ಉತ್ತರದಲ್ಲೂ ಮೂರು.

ಕರೆಂಟಿನ ಲೆಕ್ಕದಲ್ಲಿ ಬರುವ 96,500 ಏನು?

ಒಂದು ಮೋಲ್ ಎಲೆಕ್ಟ್ರಾನ್ ಹೊರುವ ವಿದ್ಯುದಂಶ, ಕೂಲಂಬ್‌ಗಳಲ್ಲಿ. ಇನ್ನೂ ನಿಖರವಾಗಿ 96,485. ಆಂಪಿಯರ್ ಅಂದರೆ ಸೆಕೆಂಡಿಗೆ ಒಂದು ಕೂಲಂಬ್. ಹಾಗಾಗಿ ಆಂಪಿಯರನ್ನು ಸೆಕೆಂಡಿನಿಂದ ಗುಣಿಸಿ, 96,485ರಿಂದ ಭಾಗಿಸಿದರೆ ಮೋಲ್ ಎಲೆಕ್ಟ್ರಾನ್ ಕೈಗೆ ಬರುತ್ತದೆ. ಅಲ್ಲಿಂದ ಮುಂದೆ ಚೂರಿಯ ಲೆಕ್ಕವೇ.

ಮಳೆಗಾಲದ ಮೀನುಗಾರಿಕೆ ನಿಷೇಧದ ಹೊತ್ತಿಗೆ ಉಕ್ಕಿನ ದೋಣಿಯೊಂದನ್ನು ದಡಕ್ಕೆ ಎಳೆದಿದ್ದರೆ ಅದರ ತಳವನ್ನು ಗಮನಿಸಿ. ಪ್ರೊಪೆಲ್ಲರ್ ಹತ್ತಿರ ಸತುವಿನ ಗಟ್ಟಿ ತುಂಡುಗಳನ್ನು ಬಿಗಿದಿರುತ್ತಾರೆ. ಉಪ್ಪು ನೀರಿನಲ್ಲಿ ಎಲೆಕ್ಟ್ರಾನ್ ಕೊಡುವ ಸರದಿ ಬಂದಾಗ ಕಬ್ಬಿಣಕ್ಕಿಂತ ಮೊದಲು ಸತು ಕೊಟ್ಟು ತಾನು ಸವೆಯುತ್ತದೆ, ಉಕ್ಕು ಉಳಿಯುತ್ತದೆ. ಒಂದು ಕೆಜಿ ಸತು 15.3 ಮೋಲ್. ತಲಾ ಎರಡರಂತೆ 30.6 ಮೋಲ್ ಎಲೆಕ್ಟ್ರಾನ್, 29.5 ಲಕ್ಷ ಕೂಲಂಬ್, ಅಂದರೆ 820 ಆಂಪಿಯರ್-ಗಂಟೆ. ಸರಾಸರಿ 0.1 ಆಂಪಿಯರ್ ಹರಿದರೆ 8200 ಗಂಟೆ, ಹನ್ನೊಂದು ತಿಂಗಳ ಮೇಲೆ. ಸತು ಪೂರ್ತಿ ಇದೇ ಕೆಲಸಕ್ಕೆ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಬೇಗ ಸವೆಯುತ್ತದೆ. ತುಂಡು ಬದಲಿಸುವ ಕಾಲವನ್ನು ಅಂದಾಜಿಸುವುದಕ್ಕೆ ಬುನಾದಿ ಇದೇ ಲೆಕ್ಕ.

ಅಭ್ಯಾಸಕ್ಕೆ ಕೆಲವು ಲೆಕ್ಕ ಕೊಡಿ, ಉತ್ತರವೂ ಇರಲಿ.

ಒಂದು: ಅಘನಾಶಿನಿಯ ಚಿಪ್ಪು 5 ಗ್ರಾಂ, ಅದರಲ್ಲಿ ಶೇ. 90 ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿಟ್ಟುಕೊಳ್ಳಿ. ಪೂರ್ತಿ ಸುಟ್ಟರೆ ಎಷ್ಟು ಹರಳು ಸುಣ್ಣ? (2.52 ಗ್ರಾಂ.)

ಎರಡು: 5 ಗ್ರಾಂ ಅಡುಗೆ ಉಪ್ಪಿನಲ್ಲಿ ಸೋಡಿಯಂ ಎಷ್ಟು? (1.97 ಗ್ರಾಂ.)

ಮೂರು: 500 ಮಿ.ಲೀ. 0.2 ಮೋಲಾರ್ ಆಕ್ಸಾಲಿಕ್ ಆಮ್ಲ ಮಾಡಲು ಹರಳು ಎಷ್ಟು ತೂಗಬೇಕು? (12.6 ಗ್ರಾಂ. 9 ಬಂದವರು ಹರಳಿನ ನೀರು ಬಿಟ್ಟಿದ್ದಾರೆ.)

ನಾಲ್ಕು: ಮೈಲುತುತ್ತದ ದ್ರಾವಣದಲ್ಲಿ 2 ಆಂಪಿಯರ್ ಕರೆಂಟ್ ಅರ್ಧ ಗಂಟೆ ಹರಿದರೆ ಎಷ್ಟು ತಾಮ್ರ ಕೂರುತ್ತದೆ? (3600 ಕೂಲಂಬ್, 0.0373 ಮೋಲ್ ಎಲೆಕ್ಟ್ರಾನ್, 1.18 ಗ್ರಾಂ ತಾಮ್ರ. 2.37 ಬಂದಿದ್ದರೆ ಎಲೆಕ್ಟ್ರಾನಿನ ಮೋಲನ್ನೇ ತಾಮ್ರದ ಮೋಲ್ ಎಂದು ಬರೆದಿದ್ದೀರಿ, ಆ ಸಾಲಿಗೆ ಹಿಂದಿರುಗಿ ಹೆಸರು ಸೇರಿಸಿ.)